ಕೋವಿ ಮತ್ತು ಹೆಗಲಪಟ್ಟಿ: ಹೊರುವ ರೀತಿಯ ಒಂದು ಚರಿತ್ರೆ

1

ಕೋವಿಯನ್ನು ಕುರಿತ ಚರಿತ್ರೆಗಳು ಸಾಮಾನ್ಯವಾಗಿ ಅದರ ನಳಿಗೆ, ಮದ್ದು ಮತ್ತು ಕಿಡಿ ಹೊತ್ತಿಸುವ ಯಂತ್ರಗಳ ಸುತ್ತಲೇ ನಿಲ್ಲುತ್ತವೆ. ಯುದ್ಧದ ಇತಿಹಾಸ ಬರೆಯುವವರಿಗೆ ಕೋವಿಯೆಂದರೆ ಅದು ಸಿಡಿದ ಕ್ಷಣ. ಆದರೆ ಕೋವಿ ಇಟ್ಟುಕೊಂಡವನ ಬದುಕಿನಲ್ಲಿ ಅಂಥ ಕ್ಷಣಗಳು ತೀರ ಕಡಿಮೆ. ಅದನ್ನು ಹೊತ್ತು ನಡೆದ ಕಾಲವೇ ಹೆಚ್ಚು. ಕಾಡಿನ ದಾರಿಯಲ್ಲಿ, ದಂಡಿನ ಸಾಲಿನಲ್ಲಿ, ಹಬ್ಬದ ಮೆರವಣಿಗೆಯಲ್ಲಿ ಕೋವಿ ಮೊದಲಿಗೆ ಒಂದು ಹೊರೆ, ಆಮೇಲೆ ಆಯುಧ. ಈ ಹೊರೆಯನ್ನು ಮನುಷ್ಯ ತನ್ನ ಮೈಗೆ ಹೇಗೆ ಹೊಂದಿಸಿಕೊಂಡ ಎಂಬ ಪ್ರಶ್ನೆ ಭೌತಿಕ ಸಂಸ್ಕೃತಿಯ ಅಧ್ಯಯನಕ್ಕೆ ಸೇರಿದ್ದು.

ಬಾಯಿಯಿಂದ ಮದ್ದು ತುಂಬುವ ಉದ್ದ ಕೋವಿಗೆ ಹೆಗಲಪಟ್ಟಿ ಸಹಜವಾಗಿ ಬಂದ ಅಂಗವಲ್ಲ. ಕೆಲವು ಕೋವಿಗಳಿಗೆ ಅದು ಹುಟ್ಟಿನಿಂದಲೇ ಇದೆ. ಕೆಲವಕ್ಕೆ ಎಂದೂ ಇರಲಿಲ್ಲ. ಮತ್ತೆ ಕೆಲವಕ್ಕೆ ನಂತರದ ತಲೆಮಾರಿನವರು ಕಟ್ಟಿಕೊಂಡರು. ಪಟ್ಟಿ ಸಿಕ್ಕಿಸುವ ಬಳೆ ಎಲ್ಲಿದೆ, ಅದನ್ನು ಕೊರೆದು ಕೂರಿಸಿದ್ದಾರೆಯೇ, ದಾರದಿಂದ ಬಿಗಿದಿದ್ದಾರೆಯೇ, ಅಥವಾ ಅಂಥ ಗುರುತೇ ಇಲ್ಲವೇ ಎಂಬುದನ್ನು ನೋಡಿದರೆ ಆ ಕೋವಿಯನ್ನು ಯಾವ ಬಗೆಯ ಮನುಷ್ಯ, ಯಾವ ಕೆಲಸಕ್ಕಾಗಿ ಹೊತ್ತನೆಂಬುದನ್ನು ಬಹುಮಟ್ಟಿಗೆ ಊಹಿಸಬಹುದು. ಪಟ್ಟಿಯ ಗುರುತು ಒಂದು ದಾಖಲೆ. ಆ ದಾಖಲೆಯನ್ನು ಓದುವ ಮತ್ತು ಕೆಡದಂತೆ ಉಳಿಸುವ ಅಗತ್ಯವನ್ನು ಈ ಪ್ರಬಂಧ ಪ್ರತಿಪಾದಿಸುತ್ತದೆ.

2

ಮೊದಲಿಗೆ ಪದಗಳನ್ನು ಗಮನಿಸಬೇಕು. ಕನ್ನಡದ ‘ಕೋವಿ’ ಎಂಬ ಮಾತಿಗೆ ಮೂಲದಲ್ಲಿ ಕೊಳವೆ ಎಂಬ ಅರ್ಥವಿದೆ. ‘ತುಪಾಕಿ’ ತುರ್ಕಿ ಮೂಲದಿಂದಲೂ ‘ಬಂದೂಕು’ ಅರಬ್ಬಿ ಮೂಲದಿಂದಲೂ ಬಂದವು. ಕೊಡವ ಭಾಷೆಯಲ್ಲಿ ಇದೇ ಆಯುಧ ‘ತೋಕ್’. ಮಲೆನಾಡಿನ ಮಾತಿನಲ್ಲಿ ಕೇಪಿನ ಕೋವಿ, ತೋಟಾ ಕೋವಿ, ಒಂಟಿನಳಿಗೆ, ಜೋಡುನಳಿಗೆ ಎಂಬ ವಿಂಗಡಣೆ ಇದೆ. ಬಂದ ವಸ್ತು ಹೊರಗಿನದಾದರೂ ಜನ ಅದನ್ನು ತಮ್ಮ ಕೊಳವೆಯ ಪದದಿಂದಲೇ ಕರೆದು ಒಳಗು ಮಾಡಿಕೊಂಡರು.

ಇಲ್ಲಿ ಹೆಚ್ಚು ಕುತೂಹಲಕಾರಿಯಾದ ಪದ ‘ಬಾರು’. ಕನ್ನಡದಲ್ಲಿ ಬಾರು ಎಂದರೆ ತೊಗಲಿನ ಪಟ್ಟಿ. ಬಾರುಕೋಲಿನಲ್ಲಿ ಇರುವುದು ಈ ಬಾರೇ. ಕೋವಿಗೆ ತುಂಬಿದ ಮದ್ದುಗುಂಡಿನ ಅಳತೆಗೂ ಬಾರು ಎಂದೇ ಹೆಸರು. ‘ಬಾರು ಮಾಡಿದ ಬಂದೂಕು’ ಎಂದರೆ ಸಿಡಿಯಲು ಸಿದ್ಧವಾದದ್ದು. ಇವೆರಡೂ ಬೇರೆ ಬೇರೆ ಮೂಲದ ಮಾತುಗಳು. ಮೊದಲನೆಯದು ತೊಗಲಿನ ಕೆಲಸದಿಂದ ಬಂದದ್ದು, ಎರಡನೆಯದು ಹೊರೆ ಎಂಬ ಅರ್ಥದ ಅನ್ಯದೇಶ್ಯ. ಆದರೆ ಕೋವಿಯಲ್ಲಿ ಎರಡೂ ಸೇರುತ್ತವೆ: ಒಳಗೊಂದು ಬಾರು, ಹೊರಗೊಂದು ಬಾರು. ಚರಿತ್ರೆಕಾರರು ಒಳಗಿನ ಬಾರನ್ನು ಅಳೆದಿದ್ದಾರೆ. ಹೊರಗಿನ ಬಾರು ಬೇಗ ಹರಿದುಹೋಗುವ ವಸ್ತುವಾದುದರಿಂದ ಅದರ ಕಡೆಗೆ ಗಮನ ಹರಿದಿಲ್ಲ.

ಕೋವಿಯೊಂದರ ತಯಾರಿಕೆಯಲ್ಲಿ ಮೂರು ಕಸುಬುಗಳು ಕೂಡುತ್ತವೆ. ನಳಿಗೆ ಕಮ್ಮಾರನದು, ಹಿಡಿ ಬಡಗಿಯದು, ಪಟ್ಟಿ ತೊಗಲು ಹದಮಾಡುವವನದು. ತಂಗಡಿ ಗಿಡದ ತೊಗಟೆ ಮತ್ತು ಅಳಲೆಕಾಯಿಗಳಿಂದ ತೊಗಲನ್ನು ಹದಗೊಳಿಸುವ ವಿದ್ಯೆ ಕರ್ನಾಟಕದ ಬಯಲುಸೀಮೆಯ ಚರ್ಮಕಾರ ಸಮುದಾಯಗಳ ಸ್ವಂತ ಆಸ್ತಿ. ನಳಿಗೆಯ ಮೇಲೆ ಹಲವು ಸಲ ಅರಸನ ಇಲ್ಲವೆ ಕಾರ್ಖಾನೆಯ ಮುದ್ರೆ ಕಾಣುತ್ತದೆ. ಹಿಡಿಯ ಮೇಲೆ ಕೆತ್ತನೆ ಇರುತ್ತದೆ. ಪಟ್ಟಿ ಹೊಲಿದವನ ಗುರುತು ಮಾತ್ರ ಎಲ್ಲಿಯೂ ಉಳಿದಿಲ್ಲ. ಆಯುಧದ ಚರಿತ್ರೆಯಿಂದ ಹೊರಗುಳಿದ ಈ ಕೈಗಳನ್ನು ಹುಡುಕಬೇಕಾದರೆ ಪಟ್ಟಿಯ ಗುರುತಿನಿಂದಲೇ ಹೊರಡಬೇಕಾಗುತ್ತದೆ.

3

ಕನ್ನಡ ನಾಡಿನಲ್ಲಿ ಕೈಕೋವಿಯ ಪರಿಣಾಮ ಸ್ಪಷ್ಟವಾಗಿ ದಾಖಲಾದ ಮೊದಮೊದಲ ಘಟನೆಗಳಲ್ಲಿ 1520ರ ರಾಯಚೂರು ಮುತ್ತಿಗೆ ಒಂದು. ಕೃಷ್ಣದೇವರಾಯನ ಪಾಳೆಯಕ್ಕೆ ಬಂದ ಕ್ರಿಸ್ಟೋವಾವೊ ಡಿ ಫಿಗೆರೆಡೊ ಎಂಬ ಪೋರ್ಚುಗೀಸನೂ ಅವನ ಸಂಗಡಿಗರೂ ಕೋಟೆಯ ಮೇಲಿನ ಕಾವಲಿನವರನ್ನು ಗುರಿಯಿಟ್ಟು ಹೊಡೆದು, ಗೋಡೆ ಕೀಳುವವರಿಗೆ ದಾರಿ ಮಾಡಿಕೊಟ್ಟರೆಂದು ನೂನಿಜ್ ಬರೆದಿದ್ದಾನೆ. ವಿಜಯನಗರದ ಮಹಾನವಮಿಯ ಸಂದರ್ಭದ ಸೇನಾ ಪ್ರದರ್ಶನದಲ್ಲಿ ಕೋವಿಗಾರರು ಇದ್ದುದನ್ನು ಪೇಸ್ ಕೂಡ ಹೇಳುತ್ತಾನೆ.

ಆ ಕಾಲದ ಕೋವಿ ಬತ್ತಿಕೋವಿ. ಉರಿಯುವ ಹುರಿಯೊಂದನ್ನು ಕೊಕ್ಕೆಗೆ ಸಿಕ್ಕಿಸಿರುತ್ತಾರೆ. ಕೆಳಗಿನ ಸನ್ನೆಯನ್ನು ಒತ್ತಿದಾಗ ಹುರಿಯ ತುದಿ ಬಟ್ಟಲಿನ ಮದ್ದಿಗೆ ತಗಲುತ್ತದೆ. ಅಲ್ಲಿ ಹೊತ್ತಿದ ಬೆಂಕಿ ನಳಿಗೆಯ ಬುಡದ ಸಣ್ಣ ರಂಧ್ರದ ಮೂಲಕ ಒಳಗಿನ ಮದ್ದನ್ನು ತಲುಪುತ್ತದೆ. ಹೊತ್ತಿಕೊಂಡ ಬತ್ತಿಯನ್ನು ಒಂದು ಕೈಯಲ್ಲಿ ಹಿಡಿದು, ಮೈತುಂಬ ಮದ್ದು ಕಟ್ಟಿಕೊಂಡವನು ಕೋವಿಯನ್ನು ಬೆನ್ನಿಗೆ ತೂಗುಹಾಕಿ ಅಜಾಗರೂಕನಾಗಿ ನಡೆಯುವಂತಿರಲಿಲ್ಲ. ಮದ್ದಿನ ಬುರುಡೆ, ಗುಂಡಿನ ಚೀಲ, ಬತ್ತಿಯ ಸುರುಳಿ ಇವೆಲ್ಲ ನಡುಪಟ್ಟಿಗೆ ತೂಗುತ್ತಿದ್ದವು. ಅಂದರೆ ಬತ್ತಿಕೋವಿಯ ಕಾಲದಲ್ಲಿ ತೊಗಲಿನ ಕೆಲಸ ಹೆಚ್ಚಾಗಿ ನಡೆದದ್ದು ಕೋವಿಯ ಮೇಲಲ್ಲ, ಕೋವಿಗಾರನ ಮೈಮೇಲೆ.

ಸಂಗ್ರಹಾಲಯಗಳಲ್ಲಿ ಉಳಿದ ಭಾರತೀಯ ಬತ್ತಿಕೋವಿಗಳಲ್ಲಿ ಕೆಲವಕ್ಕೆ ಪಟ್ಟಿಯ ಬಳೆಗಳಿವೆ, ಹಲವಕ್ಕೆ ಇಲ್ಲ. ಇದಕ್ಕೆ ರಚನೆಯ ಕಾರಣವೂ ಇದೆ. ಈ ಕೋವಿಗಳಲ್ಲಿ ನಳಿಗೆಯನ್ನು ಮರಕ್ಕೆ ಬಿಗಿದಿರುವುದು ತಂತಿ, ತೊಗಲು ಇಲ್ಲವೆ ಲೋಹದ ಕಟ್ಟುಗಳಿಂದ. ಕಟ್ಟು ಇದ್ದಲ್ಲಿ ಪಟ್ಟಿಗೆ ಬೇರೆ ಬಳೆ ಬೇಕಿಲ್ಲ. ಅದೇ ಕಟ್ಟಿನ ಪಕ್ಕಕ್ಕೆ ಬಾರು ಸುತ್ತಿದರೆ ಸಾಕು. ಬೇಡವೆಂದಾಗ ಬಿಚ್ಚಿದರೆ ಕೋವಿಗೆ ಗಾಯವಾಗುವುದಿಲ್ಲ. ಕಟ್ಟುವುದು, ಬಿಚ್ಚುವುದು ಇವು ಈ ಪರಂಪರೆಯ ಕ್ರಮ.

4

ಕೊರೆದು ಕೂರಿಸುವ ಕ್ರಮ ಬಂದದ್ದು ಮುಖ್ಯವಾಗಿ ಸಂಬಳದ ಸೈನ್ಯದೊಂದಿಗೆ. 18ನೆಯ ಶತಮಾನದ ಚಕಮಕಿ ಬಂದೂಕು ಸಾವಿರಗಟ್ಟಲೆ ಒಂದೇ ಮಾದರಿಯಲ್ಲಿ ತಯಾರಾಗುತ್ತಿತ್ತು. ಈಸ್ಟ್ ಇಂಡಿಯಾ ಕಂಪನಿ ತನ್ನ ದಂಡಿಗಾಗಿ ಮಾಡಿಸಿದ, ಮುಂದೆ 1790ರ ದಶಕದಲ್ಲಿ ಬ್ರಿಟಿಷ್ ಸೈನ್ಯವೂ ಒಪ್ಪಿಕೊಂಡ ‘ಇಂಡಿಯಾ ಪ್ಯಾಟರ್ನ್’ ಬಂದೂಕಿನ ನಳಿಗೆ 39 ಅಂಗುಲ ಉದ್ದ; ಒಟ್ಟು ತೂಕ ನಾಲ್ಕು ಕಿಲೊಗ್ರಾಂಗಿಂತ ಹೆಚ್ಚು. ಅದಕ್ಕೆ ಎರಡು ಬಳೆಗಳು: ಒಂದು ಸನ್ನೆಯ ಕಾವಲುಪಟ್ಟಿಯ ಮುಂಭಾಗದಲ್ಲಿ, ಇನ್ನೊಂದು ನಳಿಗೆಯ ಕೆಳಗಿನ ಮರದಲ್ಲಿ, ಗಜವನ್ನು ಹಿಡಿದಿಡುವ ಮೇಲಿನ ಎರಡು ಕೊಳವೆಗಳ ನಡುವೆ. ಫ್ರೆಂಚ್ ಬಂದೂಕುಗಳಲ್ಲಿ ನಳಿಗೆಯನ್ನು ಸುತ್ತಿದ ಲೋಹದ ಪಟ್ಟಿಗೇ ಮೇಲಿನ ಬಳೆಯನ್ನು ಕೂಡಿಸುತ್ತಿದ್ದರು.

ಈ ಎರಡು ಬಳೆಗಳ ಹಿಂದೆ ದಂಡಿನ ಒಂದು ಲೆಕ್ಕಾಚಾರವಿದೆ. ಸಿಪಾಯಿ ದಿನವಿಡೀ ನಡೆಯಬೇಕು, ಮುತ್ತಿಗೆಯಲ್ಲಿ ಕಂದಕ ತೋಡಬೇಕು, ಫಿರಂಗಿಯ ಹಗ್ಗ ಎಳೆಯಬೇಕು. ಅವನ ಎರಡು ಕೈಗಳೂ ದಂಡಿಗೆ ಬೇಕು. ಬಂದೂಕು ಅವನನ್ನು ಬಿಟ್ಟು ಹೋಗಲೂ ಬಾರದು. ಹೆಗಲಪಟ್ಟಿ ಈ ಎರಡನ್ನೂ ಸಾಧಿಸುತ್ತದೆ. ಆದರೆ ಬಂದೂಕು ಸಿಪಾಯಿಯದಲ್ಲ, ಕಂಪನಿಯದು. ಪಟ್ಟಿಯನ್ನು ಬಿಳಿ ಜೇಡಿಯಿಂದ ಉಜ್ಜಿ ಬೆಳಗಿಡುವುದು ಅವನ ಕರ್ತವ್ಯ. ಹೀಗೆ ಪಟ್ಟಿ ಅನುಕೂಲದ ವಸ್ತುವಾಗಿದ್ದಂತೆ ಶಿಸ್ತಿನ ವಸ್ತುವೂ ಆಗಿತ್ತು.

ಮೈಸೂರಿನಲ್ಲಿಯೂ ಇದೇ ಬದಲಾವಣೆ ನಡೆಯಿತು. ಟಿಪ್ಪು ಸುಲ್ತಾನನ ಕಾಲಕ್ಕೆ ಶ್ರೀರಂಗಪಟ್ಟಣದಲ್ಲಿ ಚಕಮಕಿ ಬಂದೂಕುಗಳು ತಯಾರಾಗುತ್ತಿದ್ದವು. ಫ್ರೆಂಚ್ ಬಂದೂಕುಗಳೂ ಬಳಕೆಯಲ್ಲಿದ್ದವು. 1788ರಲ್ಲಿ ಹದಿನಾರನೆಯ ಲೂಯಿಯ ಆಸ್ಥಾನಕ್ಕೆ ಹೋದ ಅವನ ರಾಯಭಾರಿಗಳು ಕುಶಲಕರ್ಮಿಗಳನ್ನೂ ಕೇಳಿದ್ದರು. ಯುರೋಪಿನ ಮಾದರಿಯ ಕವಾಯತು ಕಲಿತ ದಂಡಿಗೆ ಆ ಮಾದರಿಯ ಬಂದೂಕು ಬೇಕಾಯಿತು. ಹೊರುವ ಕ್ರಮವೂ ಅದರೊಂದಿಗೆ ಬಂದಿತು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಾಗ ಕೋಟೆಯ ಎರಡೂ ಬದಿಯಲ್ಲಿದ್ದವರು ಹೊರುವ ರೀತಿಯ ಮಟ್ಟಿಗೆ ಒಂದೇ ಪಾಠ ಕಲಿತವರಾಗಿದ್ದರು.

5

ಇದಕ್ಕೆ ತೀರ ಭಿನ್ನವಾದ ಒಂದು ಕ್ರಮವನ್ನು ಕೊಡಗಿನಲ್ಲಿ ಕಾಣಬಹುದು. ಕೊಡವರ ಸಾಂಪ್ರದಾಯಿಕ ಉಡುಪು ಆಯುಧಗಳನ್ನು ಹೊರುವುದಕ್ಕೆಂದೇ ರೂಪುಗೊಂಡಂತಿದೆ. ಕುಪ್ಯದ ಮೇಲೆ ಸುತ್ತಿದ ಚೇಲೆಯಲ್ಲಿ ಮುಂದುಗಡೆ ಪೀಚೆಕತ್ತಿ ನಿಲ್ಲುತ್ತದೆ. ಅಗಲವಾದ ಬಾಗಿದ ಒಡಿಕತ್ತಿಯನ್ನು ಬೆನ್ನಹಿಂದಿನ ತೋಡಂಗ್ ಎಂಬ ಲೋಹದ ಹಿಡಿಕೆಗೆ ಸಿಕ್ಕಿಸುತ್ತಾರೆ. ಎರಡು ಕತ್ತಿಗಳಿಗೂ ಮೈಮೇಲೆ ಗೊತ್ತಾದ ಜಾಗವಿದೆ. ಕೋವಿಗೆ ಮಾತ್ರ ಈ ಉಡುಪಿನಲ್ಲಿ ಕೊಂಡಿಯಿಲ್ಲ. ಅದು ಕೈಯಲ್ಲಿರುತ್ತದೆ ಅಥವಾ ಹೆಗಲ ಮೇಲಿರುತ್ತದೆ.

ಈ ಭೇದಕ್ಕೆ ಕಾರಣವನ್ನು ಆಚರಣೆಯಲ್ಲಿ ಹುಡುಕಬೇಕು. ಸೆಪ್ಟೆಂಬರ್ ಮೊದಲ ವಾರದ ಹೊತ್ತಿಗೆ ಬರುವ ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿ, ಕತ್ತಿಗಳನ್ನು ಶುಚಿಗೊಳಿಸಿ ಮನೆಯೊಳಗೆ ಇಟ್ಟು ಪೂಜಿಸುತ್ತಾರೆ. ಕೋವಿಗೆ ಮುಡಿಸುವ ಗೌರಿ ಹೂವಿಗೆ ‘ತೋಕ್ ಪೂ’, ಅಂದರೆ ಕೋವಿ ಹೂ ಎಂದೇ ಹೆಸರು. ಪೂಜೆಯ ನಂತರ ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವ ಸ್ಪರ್ಧೆ ನಡೆಯುತ್ತದೆ. ಪುತ್ತರಿಯಲ್ಲಿ ಹೊಸ ತೆನೆ ಕೊಯ್ಯುವಾಗ ಈಡು ಹಾರಿಸುತ್ತಾರೆ. ಗಂಡುಮಗು ಹುಟ್ಟಿದಾಗ ಒಂದು ಗುಂಡು, ಸಾವಾದಾಗ ಎರಡು ಗುಂಡು ಹಾರಿಸಿ ಊರಿಗೆ ತಿಳಿಸುವ ಪದ್ಧತಿ ಇದೆ. ಈ ಸಂದರ್ಭಗಳಲ್ಲೆಲ್ಲ ಕೋವಿಯನ್ನು ತೂಗುಹಾಕಿಕೊಂಡು ಕೈಗಳನ್ನು ಬೇರೆ ಕೆಲಸಕ್ಕೆ ಬಿಡುವ ಅಗತ್ಯವಿಲ್ಲ. ಕೋವಿ ಹಿಡಿಯುವುದೇ ಅಲ್ಲಿ ಕೆಲಸ.

ಬೇಟೆಯ ಕೋವಿಗೂ ಕಾರಣಗಳಿವೆ. ದಟ್ಟ ಕಾಡಿನಲ್ಲಿ ಜೋಲುವ ಪಟ್ಟಿ ಕೊಂಬೆಗೆ ಸಿಕ್ಕುತ್ತದೆ, ಗುರಿ ಹಿಡಿಯುವಾಗ ತೂಗಾಡುತ್ತದೆ. ಮದ್ದು ತುಂಬುವಾಗ ಗಜವನ್ನು ಹೊರಗೆಳೆಯಬೇಕು. ಗಜ ಇರುವುದೂ ಪಟ್ಟಿ ಜೋಲುವುದೂ ನಳಿಗೆಯ ಒಂದೇ ಬದಿಯಲ್ಲಿ. ಇನ್ನು ಕೊಡಗಿನ ಮಳೆ. ನೆನೆದ ತೊಗಲು ಕಬ್ಬಿಣಕ್ಕೆ ತಾಗಿದಲ್ಲಿ ತುಕ್ಕು ಹಿಡಿಯುತ್ತದೆ, ಹಿತ್ತಾಳೆಗೆ ತಾಗಿದಲ್ಲಿ ಹಸಿರು ಕಿಲುಬು ಕೂರುತ್ತದೆ. ಬಾಯಿಯಿಂದ ತುಂಬುವ ಕೋವಿಯನ್ನು ಪಟ್ಟಿಯಲ್ಲಿ ಬಾಯಿ ಮೇಲಾಗಿ ಹೊತ್ತರೆ ಮಳೆನೀರು ಒಳಗಿಳಿಯುತ್ತದೆ. ಬಾಯಿ ಕೆಳಗಾಗಿ ಹೊತ್ತರೆ ಸರಿಯಾಗಿ ಬಿಗಿಯದ ಗುಂಡು ಮುಂದಕ್ಕೆ ಸರಿಯುತ್ತದೆ. ಮದ್ದಿಗೂ ಗುಂಡಿಗೂ ನಡುವೆ ಹೀಗೆ ತೆರಪು ಬಿದ್ದ ಕೋವಿಯನ್ನು ಹಾರಿಸಿದರೆ ನಳಿಗೆಯೇ ಒಡೆಯುವ ಅಪಾಯವಿದೆ. ಆದುದರಿಂದ ಪಟ್ಟಿಯಿಲ್ಲದ ಬೇಟೆಕೋವಿಯನ್ನು ಹಿಂದುಳಿದ ತಂತ್ರವೆಂದು ತಿಳಿಯುವುದು ತಪ್ಪಾಗುತ್ತದೆ. ಅದು ಆ ಕಾಡಿಗೆ, ಆ ಮಳೆಗೆ ತಕ್ಕ ತಿಳಿವಳಿಕೆ.

6

ಹೊರುವ ರೀತಿಯ ಚರಿತ್ರೆ 1857ರ ಹೊತ್ತಿಗೆ ಹೊರುವ ಹಕ್ಕಿನ ಚರಿತ್ರೆಯಾಗಿ ತಿರುಗಿತು. ಆ ವರ್ಷ ಕಂಪನಿ ಸರ್ಕಾರ ಜಾರಿಗೆ ತಂದ ನಿಶ್ಶಸ್ತ್ರೀಕರಣ ಕಾಯ್ದೆ ಜನರು ತಮ್ಮ ಆಯುಧಗಳನ್ನು ಒಪ್ಪಿಸಬೇಕೆಂದು ವಿಧಿಸಿತು. ಈ ಒಂದೇ ಕಾಯ್ದೆ ಕನ್ನಡ ಸೀಮೆಯ ಎರಡು ಕಡೆ ಎರಡು ಬಗೆಯ ಫಲ ಕೊಟ್ಟಿತು.

ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಹತಾರಗಳನ್ನು ಒಪ್ಪಿಸಲು ನಿರಾಕರಿಸಿದರು. ಹತಾರ ಅವರಿಗೆ ಬೇಟೆಯ ಸಾಧನ, ಕಾವಲಿನ ವೃತ್ತಿಯ ಗುರುತು, ಮನೆತನದ ಮರ್ಯಾದೆ. ನವೆಂಬರ್ ತಿಂಗಳಲ್ಲಿ ಬ್ರಿಟಿಷ್ ದಂಡು ಹಳ್ಳಿಯನ್ನು ಮುತ್ತಿ ಬೆಂಕಿಯಿಟ್ಟಿತು. ಡಿಸೆಂಬರಿನಲ್ಲಿ ಮುಧೋಳದಲ್ಲಿಯೂ ಹಲಗಲಿಯಲ್ಲಿಯೂ ಒಟ್ಟು 19 ಮಂದಿಯನ್ನು ಗಲ್ಲಿಗೇರಿಸಲಾಯಿತು. ಈ ಘಟನೆಯನ್ನು ಜನಮನದಲ್ಲಿ ಉಳಿಸಿದ್ದು ಲಾವಣಿ. ಜೆ.ಎಫ್. ಫ್ಲೀಟ್ ಅದನ್ನು ಸಂಗ್ರಹಿಸಿ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಪ್ರಕಟಿಸಿದ. ದಂಡಿನ ಅಧಿಕಾರಿಯಾಗಿ ಅಲ್ಲವಾದರೂ ಅದೇ ಆಳ್ವಿಕೆಯ ಅಧಿಕಾರಿಯಾಗಿದ್ದವನ ಕೈಯಿಂದಲೇ ಆ ಹಾಡು ಮುದ್ರಣಕ್ಕೆ ಬಂದಿತೆಂಬುದು ಗಮನಾರ್ಹ.

ಕೊಡಗಿನಲ್ಲಿ ನಡೆದದ್ದು ಬೇರೆ. 1834ರಲ್ಲಿ ಕೊಡಗು ಬ್ರಿಟಿಷರ ವಶವಾಗಿತ್ತು. 1861ರ ಫೆಬ್ರುವರಿಯಲ್ಲಿ ಮಾರ್ಕ್ ಕಬ್ಬನ್ ಹೊರಡಿಸಿದ ಪ್ರಕಟಣೆ ಕೊಡಗಿನ ಜನರಿಗೆ ಈ ಕಾಯ್ದೆಯಿಂದ ವಿನಾಯಿತಿ ನೀಡಿತು. ಅದಕ್ಕೆ ಕೊಟ್ಟ ಕಾರಣ ಅವರ ನಿಷ್ಠೆ ಮತ್ತು ಸೇವೆ. ಸರ್ಕಾರ ಕೊಡಗಿನ ಕೋವಿಯ ಆಚರಣೆಯನ್ನು ಗೌರವಿಸಿದ್ದಕ್ಕಿಂತ ಹೆಚ್ಚಾಗಿ ರಾಜಕೀಯ ನಂಬಿಕೆಗೆ ಬಹುಮಾನ ಕೊಟ್ಟಿತು. ಆದರೂ ಆ ಬಹುಮಾನದ ನೆರಳಿನಲ್ಲಿ ಆಚರಣೆ ಉಳಿಯಿತು. ಸ್ವಾತಂತ್ರ್ಯಾನಂತರ 1959ರ ಶಸ್ತ್ರಾಸ್ತ್ರ ಕಾಯ್ದೆಯಡಿಯಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ವಿನಾಯಿತಿ ಮುಂದುವರಿಯಿತು. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ವಿಸ್ತರಿಸಿತು. 2021ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯ ಈ ವಿನಾಯಿತಿಯನ್ನು ಎತ್ತಿಹಿಡಿಯಿತು.

ಜಾನಪದ ಅಧ್ಯಯನದ ದೃಷ್ಟಿಯಿಂದ ಈ ಎರಡು ಘಟನೆಗಳ ಪರಿಣಾಮವನ್ನು ಹೀಗೆ ಹೇಳಬಹುದು. ಹಲಗಲಿಯಲ್ಲಿ ಹತಾರ ಹೋಗಿ ಹಾಡು ಉಳಿಯಿತು. ಕೊಡಗಿನಲ್ಲಿ ಹತಾರವೂ ಅದನ್ನು ಹಿಡಿಯುವ ಕ್ರಮವೂ ಉಳಿದವು. ಹಲಗಲಿಯ ಬೇಡನೊಬ್ಬ ತನ್ನ ತುಪಾಕಿಯನ್ನು ಹೆಗಲಿಗೆ ಹೇಗೆ ಏರಿಸುತ್ತಿದ್ದ, ಬಾರನ್ನು ಎಲ್ಲಿ ಕಟ್ಟುತ್ತಿದ್ದ ಎಂಬ ಸಣ್ಣ ತಿಳಿವಳಿಕೆ ಹಾಡಿನಲ್ಲಿ ಬರುವಂಥದ್ದಲ್ಲ. ಅದು ವಸ್ತುವಿನಲ್ಲಿ ಮಾತ್ರ ಇರುತ್ತದೆ, ವಸ್ತುವಿನೊಂದಿಗೇ ಹೋಗುತ್ತದೆ.

7

ಈ ಕಾರಣದಿಂದಲೇ ಉಳಿದಿರುವ ಹಳೆಯ ಕೋವಿಗಳಿಗೆ ಇಂದು ಹೊಸದಾಗಿ ಪಟ್ಟಿ ಜೋಡಿಸುವ ಸಂದರ್ಭ ಬಂದಾಗ ವಿಶೇಷ ಎಚ್ಚರ ಬೇಕು. ಮನೆತನದ ಕೋವಿಯನ್ನು ಹಬ್ಬಕ್ಕೆ ಒಯ್ಯುವ ಅನುಕೂಲಕ್ಕೆ, ಪ್ರದರ್ಶನದ ಅಂದಕ್ಕೆ ಪಟ್ಟಿ ಬೇಕೆನಿಸುವುದು ಸಹಜ. ಆಗ ಸುಲಭವಾಗಿ ಹೊಳೆಯುವ ಉಪಾಯ ಮರವನ್ನು ಕೊರೆದು ತಿರುಪಿನ ಬಳೆ ಕೂರಿಸುವುದು. ಇದು ಎರಡು ಬಗೆಯ ಹಾನಿಗೆ ದಾರಿ. ಮುಂಭಾಗದ ಮರದಲ್ಲಿ ಮೇಲೆ ನಳಿಗೆಯ ತೋಡು, ಕೆಳಗೆ ಗಜದ ರಂಧ್ರ. ಇವೆರಡರ ನಡುವೆ ಉಳಿಯುವುದು ತೆಳುವಾದ ಮರದ ಪದರ. ಬೈರಿಗೆ ಸ್ವಲ್ಪ ತಪ್ಪಿದರೂ ಗಜ ಸಿಕ್ಕಿಕೊಳ್ಳುತ್ತದೆ, ಮರ ಸೀಳುತ್ತದೆ, ಇಲ್ಲವೆ ನಳಿಗೆಗೇ ಪೆಟ್ಟಾಗುತ್ತದೆ. ಎರಡನೆಯದು ಚರಿತ್ರೆಗೆ ಆಗುವ ಹಾನಿ: ಬೇಟೆಯ ಕೋವಿಯೊಂದು ಹೊರನೋಟಕ್ಕೆ ದಂಡಿನ ಬಂದೂಕಾಗಿಬಿಡುತ್ತದೆ.

ಇದಕ್ಕೆ ಪರಿಹಾರ ಹಳೆಯ ಪರಂಪರೆಯಲ್ಲಿಯೇ ಇದೆ, ಅದು ಕಟ್ಟುವ ಕ್ರಮ. ಹಿಡಿಯ ಸಣ್ಣಗಾದ ಭಾಗಕ್ಕೆ ಮೆತ್ತನೆಯ ಹತ್ತಿಬಟ್ಟೆ ಸುತ್ತಿ, ಅದರ ಮೇಲೆ ತೊಗಲಿನ ತೋಳೊಂದನ್ನು ದಾರದಿಂದ ಬಿಗಿಯಬೇಕು. ಮುಂಭಾಗದಲ್ಲಿ ನಳಿಗೆಯ ಕಟ್ಟು ಇದ್ದರೆ ಅದರ ಹಿಂದಕ್ಕೆ, ಮರವೂ ನಳಿಗೆಯೂ ಒಟ್ಟಿಗೆ ಬರುವಂತೆ ಇನ್ನೊಂದು ಕುಣಿಕೆ ಹಾಕಬೇಕು. ಕುಣಿಕೆ ಗಜವನ್ನು ಅದುಮಬಾರದು. ಗಜದ ಕೊಳವೆಯೊಂದಕ್ಕೇ ಭಾರ ಬೀಳಲೂಬಾರದು, ಅದು ಕಿತ್ತುಬರುತ್ತದೆ. ಅಂಟು, ಮೊಳೆಗಳು ಸಲ್ಲವು. ಕೆಲಸ ಮುಗಿದ ಮೇಲೆ ಪಟ್ಟಿಯನ್ನು ಬಿಚ್ಚಿ ಬೇರೆಯಾಗಿಯೇ ಇಡಬೇಕು.

ಇದೆಲ್ಲಕ್ಕೂ ಮೊದಲು ಮಾಡಬೇಕಾದ ಒಂದು ಪರೀಕ್ಷೆ ಇದೆ. ಗೋಡೆಯ ಮೇಲೆ ದಶಕಗಳ ಕಾಲ ತೂಗಿದ ಕೋವಿಯೊಳಗೆ ಹಳೆಯ ಬಾರು ಹಾಗೆಯೇ ಉಳಿದಿರುವ ಸಾಧ್ಯತೆಯಿದೆ. ಒಣಗಿದ ಮದ್ದು ವರ್ಷಗಳ ನಂತರವೂ ಹೊತ್ತಿಕೊಳ್ಳಬಲ್ಲದು. ಕೋವಿಯ ಬಾಯಿಗೆ ಎದುರಾಗಿ ನಿಲ್ಲದೆ, ಮರದ ಕೋಲೊಂದನ್ನು ನಳಿಗೆಯೊಳಗೆ ಮೆಲ್ಲಗೆ ಇಳಿಸಿ, ಬಾಯಿಯ ಮಟ್ಟಕ್ಕೆ ಗುರುತು ಮಾಡಿ, ಅದೇ ಕೋಲನ್ನು ಹೊರಗೆ ನಳಿಗೆಯ ಉದ್ದಕ್ಕೆ ಇಟ್ಟು ನೋಡಬೇಕು. ಕೋಲಿನ ತುದಿ ಬುಡದ ರಂಧ್ರದವರೆಗೆ ತಲುಪದೆ ಸ್ವಲ್ಪ ಮೊದಲೇ ನಿಂತರೂ ಒಳಗೆ ಏನೋ ಇದೆಯೆಂದೇ ತಿಳಿದು, ಬಲ್ಲವರಿಗೆ ಒಪ್ಪಿಸಬೇಕು. ಹೊರಗಿನ ಬಾರು ಕಟ್ಟುವ ಮೊದಲು ಒಳಗಿನ ಬಾರು ನೋಡಬೇಕು.

ಕ್ಷೇತ್ರಕಾರ್ಯದಲ್ಲಿ ತೊಡಗಿದವರು ಕೋವಿಯ ಉದ್ದ, ನಳಿಗೆಯ ಅಳತೆ, ಮುದ್ರೆಗಳನ್ನು ಬರೆದುಕೊಳ್ಳುವಂತೆ ಇನ್ನು ಮುಂದೆ ಈ ವಿವರಗಳನ್ನೂ ದಾಖಲಿಸಬೇಕಾಗಿದೆ: ಬಳೆಗಳಿವೆಯೇ, ಎಲ್ಲಿವೆ, ಮರ ಸವೆದು ನುಣುಪಾದದ್ದು ಯಾವ ಭಾಗದಲ್ಲಿ, ಕಟ್ಟಿನ ಗುರುತು ಹಳೆಯದೇ ಹೊಸದೇ, ಪಟ್ಟಿ ಯಾವ ತೊಗಲಿನದು, ಹೊಲಿದವರು ಯಾವ ಊರಿನವರು, ಮನೆಯ ಹಿರಿಯರು ಅದನ್ನು ಯಾವ ಹೆಗಲಿಗೆ, ಬಾಯಿ ಯಾವ ಕಡೆಗಾಗಿ ಹೊರುತ್ತಿದ್ದರು. ಕೊನೆಯ ಪ್ರಶ್ನೆಗೆ ಕೈಯಲ್ಲಿ ಹಿಡಿದು ತೋರಿಸಿ ಉತ್ತರಿಸಬಲ್ಲ ಹಿರಿಯರು ಕೊಡಗಿನ ಐನ್‌ಮನೆಗಳಲ್ಲಿಯೂ ಮಲೆನಾಡಿನ ಹಳ್ಳಿಗಳಲ್ಲಿಯೂ ಇನ್ನೂ ಇದ್ದಾರೆ. ಹಲಗಲಿಯಲ್ಲಿ ಈ ಪ್ರಶ್ನೆಯನ್ನು ಕೇಳುವ ಕಾಲ 1857ರಲ್ಲಿಯೇ ಮುಗಿದುಹೋಯಿತು.